ಹಲವು ದೇಶ, ಒಬ್ಬ ಪ್ರಾಸಿಕ್ಯೂಟರ್

ಕಳ್ಳನಿಗೆ ಗಡಿಯಿಲ್ಲ, ಹಿಡಿಯುವವನಿಗೆ ಗಡಿಯುಂಟು. ಈ ತೊಡಕಿಗೆ ಯೂರೋಪು ಕಂಡುಕೊಂಡ ಉಪಾಯವನ್ನು ಕುರಿತು ಎರಡು ಮಾತು ಹೇಳಬಯಸುತ್ತೇನೆ.

ಐರೋಪ್ಯ ಒಕ್ಕೂಟದ ಹಣಕ್ಕೆ ಮೋಸವಾದರೆ ಮೊಕದ್ದಮೆ ಹೂಡುವುದು ಮೊದಲು ಆಯಾ ದೇಶದ ಕೆಲಸವೇ ಆಗಿತ್ತು. 2017ರ ಶಾಸನದಿಂದ ಐರೋಪ್ಯ ಪಬ್ಲಿಕ್ ಪ್ರಾಸಿಕ್ಯೂಟರರ ಕಚೇರಿ ರೂಪುಗೊಂಡು, 2021ರ ಜೂನ್ 1ರಂದು ಲಕ್ಸೆಂಬರ್ಗಿನಲ್ಲಿ ಕಾರ್ಯಾರಂಭ ಮಾಡಿತು. ಆಗ ಸೇರಿದ್ದ ದೇಶಗಳು 22. 2024ರಲ್ಲಿ ಪೋಲೆಂಡ್, ಸ್ವೀಡನ್ ಕೂಡಿಕೊಂಡವು.

ಆದರೆ ಈ ಕಚೇರಿಗೆ ತನ್ನದೇ ಆದ ಕ್ರಿಮಿನಲ್ ನ್ಯಾಯಾಲಯವಿಲ್ಲ. ವಿಚಾರಣೆ ಆಯಾ ದೇಶದ ನ್ಯಾಯಾಲಯದಲ್ಲಿಯೇ. ಜರ್ಮನಿಯಲ್ಲಿ ತನಿಖೆಯ ಹೊಣೆ ಪ್ರಾಸಿಕ್ಯೂಟರನದು. ಸ್ಪೇನಿನಲ್ಲಿ ಅದು ಬಹುಕಾಲದಿಂದ ನ್ಯಾಯಾಧೀಶನದು. ಆದುದರಿಂದ ಸ್ಪೇನ್ 2021ರಲ್ಲಿ ಹೊಸ ಕಾನೂನನ್ನೇ ಮಾಡಬೇಕಾಯಿತು.

ಜರ್ಮನಿಯ ಮೊಕದ್ದಮೆಯೊಂದಕ್ಕಾಗಿ ಆಸ್ಟ್ರಿಯಾದಲ್ಲಿ ಶೋಧ ನಡೆದಾಗ, ಅದು ಅವಶ್ಯವೇ ಎಂದು ತೂಗಬೇಕಾದವರಾರೆಂಬ ಪ್ರಶ್ನೆ ಎದ್ದಿತು. ಅದು ತನಿಖೆ ನಡೆಸುವ ದೇಶದ ಹೊಣೆ, ಶೋಧದ ಕ್ರಮವನ್ನು ಮಾತ್ರ ನೆರವು ನೀಡುವ ದೇಶ ಪರೀಕ್ಷಿಸಬೇಕು ಎಂದು ಒಕ್ಕೂಟದ ನ್ಯಾಯಾಲಯ 2023ರ ಡಿಸೆಂಬರಿನಲ್ಲಿ ತೀರ್ಪಿತ್ತಿತು. ಮೂಲಭೂತ ಹಕ್ಕಿಗೆ ತೀವ್ರ ಧಕ್ಕೆಯಾಗುವಲ್ಲಿ, ತನಿಖೆಯ ದೇಶದಲ್ಲಿ ನ್ಯಾಯಾಲಯವು ಮುಂಚಿತವಾಗಿಯೇ ಪರಿಶೀಲಿಸಬೇಕೆಂದೂ ಹೇಳಿತು.

ಈ ಕೊನೆಯ ಮಾತೇ ನನಗೆ ಮುಖ್ಯ. ಪ್ರಾಸಿಕ್ಯೂಟರನ ಕೈ ಗಡಿ ದಾಟಿದರೆ, ಪ್ರಜೆಯ ರಕ್ಷಣೆಯೂ ಅದರೊಡನೆ ಗಡಿ ದಾಟಬೇಡವೆ?