ಕ್ಲೇಮ್ ತಿರಸ್ಕರಿಸಿದರೆ ಕೈಚೆಲ್ಲಬೇಡಿ

ಡೊಂಬಿವಲಿ, ಕಲ್ಯಾಣ, ಥಾಣೆ, ನವಿ ಮುಂಬಯಿಯ ನಮ್ಮ ಮನೆಗಳಲ್ಲಿ ದುಡಿಯುವವರೊಬ್ಬರು ಹಾಸಿಗೆ ಹಿಡಿದರೆ ಸಂಬಳ ನಿಲ್ಲುತ್ತದೆ, ಸಾಲದ ಕಂತು ನಿಲ್ಲುವುದಿಲ್ಲ. ಅದೇ ಹೊತ್ತಿಗೆ ವಿಮಾ ಕಂಪನಿಯೂ ‘ಕೊಡುವುದಿಲ್ಲ’ ಎಂದರೆ ಎದೆಗುಂದುವುದು ಸಹಜ. ತಮ್ಮಂದಿರೇ, ತಂಗಿಯರೇ, ಎಷ್ಟೋ ಜನ ಅಲ್ಲಿಗೇ ಸುಮ್ಮನಾಗುತ್ತಾರೆ. ನೀವು ಹಾಗೆ ಮಾಡಬೇಡಿ.

• ಫೋನಿನ ಮಾತಿಗೆ ತೃಪ್ತರಾಗಬೇಡಿ. ಯಾವ ಷರತ್ತಿನ ಪ್ರಕಾರ ತಿರಸ್ಕರಿಸಿದರೆಂದು ಬರಹದಲ್ಲೇ ಪಡೆಯಿರಿ. ಆ ಪತ್ರದ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

• ಪಾಲಿಸಿ ಯಾವುದೆಂದು ನೋಡಿ. ಅಪಘಾತ ವಿಮೆ ಕಾಯಿಲೆಯಿಂದ ಬಂದ ಲಕ್ವಕ್ಕೆ ಹಣ ಕೊಡುವುದಿಲ್ಲ. ಗಂಭೀರ ಕಾಯಿಲೆಯ ಪಾಲಿಸಿಯಲ್ಲಿ, ಲಕ್ವದಿಂದಾದ ಶಾಶ್ವತ ಊನ ಕನಿಷ್ಠ 3 ತಿಂಗಳು ಉಳಿದಿದೆಯೆಂಬ ಪುರಾವೆ ಬೇಕು. ಅವಸರದ ಅರ್ಜಿ ತಿರಸ್ಕಾರವಾಗಿದ್ದರೆ ಹೊಸ ತಪಾಸಣೆಯ ವರದಿ ಇಟ್ಟು ಮತ್ತೆ ಕೇಳಿ.

• ಕೆಲಸ ಕೊಟ್ಟ ಕಂಪನಿಯ ಗುಂಪು ವಿಮೆಯಾದರೆ, ಕೆಲಸದ ಜೊತೆ ವಿಮೆಯೂ ಹೋಗಬಹುದು; ಪಾಲಿಸಿಯ ಪ್ರತಿ ಕೈಸೇರುವ ಮುನ್ನ ರಾಜೀನಾಮೆ ಬರೆಯಬೇಡಿ.

• ಡಾಕ್ಟರ ಸರ್ಟಿಫಿಕೇಟಿನಲ್ಲಿ ಕಾಯಿಲೆಯ ಹೆಸರಷ್ಟೇ ಸಾಲದು. ಎಷ್ಟು ಹೊತ್ತು ನಿಲ್ಲಬಲ್ಲರು, ಕೈಗೆ ಹಿಡಿತ ಇದೆಯೇ, ಸ್ಟೇಷನ್ನಿನ ಸೇತುವೆ ಹತ್ತಬಲ್ಲರೇ, ಎಲ್ಲ ಬರೆಸಿ. ಹೋಟೆಲಿನ ಅಡುಗೆಯವರು ಮಾಡಲಾಗದ ಕೆಲಸ ಬೇರೆ, ಗುಮಾಸ್ತರು ಮಾಡಲಾಗದ್ದು ಬೇರೆ.

• ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮಾಡಿಸಿ. ಆದರೆ ಅದರ ಶೇಕಡಾವಾರು ಲೆಕ್ಕವೇ ಬೇರೆ, ಪಾಲಿಸಿಯಲ್ಲಿರುವ ಊನಗಳ ಪಟ್ಟಿಯೇ ಬೇರೆ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ.

• ‘ತಡವಾಗಿ ತಿಳಿಸಿದಿರಿ’ ಎಂದರೆ ಆಸ್ಪತ್ರೆಯ ಕಾಗದಗಳೊಂದಿಗೆ ತಡದ ಕಾರಣ ಬರೆಯಿರಿ. ಬರೀ ತಡದ ನೆಪದಲ್ಲಿ ನಿಜವಾದ ಕ್ಲೇಮನ್ನು ತಳ್ಳಬಾರದೆಂದು ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ 2011ರಲ್ಲೇ ಕಂಪನಿಗಳಿಗೆ ಸೂಚಿಸಿದೆ.

• ‘ಹಳೆಯ ಕಾಯಿಲೆ ಮುಚ್ಚಿಟ್ಟಿರಿ’ ಎಂದರೆ ಪಾಲಿಸಿಯ ವಯಸ್ಸು ಲೆಕ್ಕಹಾಕಿ. ವಿಮಾ ಕಾಯ್ದೆಯ 45ನೇ ಕಲಮಿನ ಪ್ರಕಾರ ಜೀವವಿಮೆಯನ್ನು 3 ವರ್ಷದ ನಂತರ ಪ್ರಶ್ನಿಸುವಂತಿಲ್ಲ.

• ಮೊದಲು ಕಂಪನಿಯ ದೂರು ಅಧಿಕಾರಿಗೆ ಬರೆಯಿರಿ. ಐಆರ್‌ಡಿಎಐಯ ‘ಬಿಮಾ ಭರೋಸಾ’ ಪೋರ್ಟಲಿನಲ್ಲೂ 155255 ಸಹಾಯವಾಣಿಯಲ್ಲೂ ದೂರು ದಾಖಲಿಸಬಹುದು. ತಿಂಗಳಾದರೂ ಉತ್ತರವಿಲ್ಲದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ವಿಮಾ ಲೋಕಪಾಲರ ಬಳಿ ಹೋಗಿ. ಥಾಣೆ ಜಿಲ್ಲೆಗೂ ನವಿ ಮುಂಬಯಿಗೂ ಅವರ ಕಚೇರಿ ಈಗ ಥಾಣೆಯಲ್ಲೇ ಇದೆ. 50 ಲಕ್ಷ ರೂಪಾಯಿವರೆಗಿನ ದೂರು ಅಲ್ಲಿ ನಡೆಯುತ್ತದೆ. ಶುಲ್ಕವಿಲ್ಲ, ವಕೀಲರು ಬೇಡ. ‘ಮಾಡಿಸಿಕೊಡುತ್ತೇನೆ’ ಎಂದು ಪಾಲು ಕೇಳುವವರಿಗೆ ಒಂದು ಪೈಸೆಯನ್ನೂ ಕೊಡಬೇಡಿ.

• ಅಲ್ಲಿ ನ್ಯಾಯ ಸಿಗದಿದ್ದರೆ ಗ್ರಾಹಕ ಆಯೋಗವಿದೆ; ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಅಲ್ಲಿನ ಗಡುವು 2 ವರ್ಷ. ಆಯೋಗದಲ್ಲಿ ಕೇಸು ನಡೆಯುತ್ತಿದ್ದರೆ ಲೋಕಪಾಲರು ಅದೇ ದೂರನ್ನು ಕೈಗೆತ್ತಿಕೊಳ್ಳರು. ಹಾಗಾಗಿ ಲೋಕಪಾಲರೇ ಮೊದಲು.

• ಅರ್ಧ ಹಣ ಕೊಟ್ಟು ‘ಪೂರ್ತಿ ಸಂದಾಯವಾಯಿತು’ ಎಂಬ ಕಾಗದಕ್ಕೆ ಸಹಿ ಕೇಳಿದರೆ ನಿಲ್ಲಿ. ಉಳಿದ ಹಣದ ಹಕ್ಕು ಬಿಟ್ಟಿಲ್ಲವೆಂದು ಬರೆದು ಸಹಿ ಮಾಡಿ.

• ಬೇರೆ ದಾರಿಗಳನ್ನೂ ಹುಡುಕಿ. ಲೋಕಲ್‌ನಿಂದ ಬಿದ್ದವರಿಗೆ ರೈಲ್ವೆ ಕ್ಲೇಮ್ಸ್ ಟ್ರಿಬ್ಯೂನಲ್ ಇದೆ, ಗಡುವು ಒಂದು ವರ್ಷ. ಎಂಐಡಿಸಿಯ ಕಾರ್ಮಿಕರಿಗೆ ಇಎಸ್‌ಐ ಇದೆ. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ವರ್ಷಕ್ಕೆ 20 ರೂಪಾಯಿ ಕಡಿತವಾಗಿದ್ದರೆ ಅದು ಪ್ರಧಾನಮಂತ್ರಿ ಸುರಕ್ಷಾ ಬಿಮಾ ಇರಬಹುದು. ಅಪಘಾತದಲ್ಲಿ ಒಂದು ಕೈ ಅಥವಾ ಕಾಲು ಹೋದರೆ 1 ಲಕ್ಷ, ಎರಡೂ ಹೋದರೆ 2 ಲಕ್ಷ.

• ರೋಗಿಗೂ ಅವರ ಆರೈಕೆ ಮಾಡುವವರಿಗೂ ಕಾಗದದ ಓಡಾಟ ಹೊರಿಸಬೇಡಿ. ಮನೆಯ ಇನ್ನೊಬ್ಬರು ಫೈಲ್ ಹಿಡಿಯಲಿ. ಇಂಗ್ಲಿಷಿನಲ್ಲಿ ಪತ್ರ ಬರೆಯುವುದು ಕಷ್ಟವಾದರೆ ನಮ್ಮ ಕನ್ನಡ ಸಂಘದ ನಿವೃತ್ತ ಹಿರಿಯರನ್ನು ಕೇಳಿ, ಸಂಕೋಚ ಬೇಡ. ಕಂತು ಕಟ್ಟಿದ್ದೀರಿ; ಕೇಳುವುದು ನಿಮ್ಮ ಹಕ್ಕು.