ಹೊಸ ಮೀನಿನ ಟ್ಯಾಂಕ್: ಮರಿ ಬಿಡೋ ಮುಂಚೆ ನೀರು ಮಾಗಿಸಿ

ಟಾರ್ಪಾಲಿನ್ ಟ್ಯಾಂಕ್ ತಂದು, ಬೋರ್ ನೀರು ತುಂಬಿಸಿ, ಮರುದಿನವೇ ಮೀನುಮರಿ ಬಿಡುವವರು ಬಹಳ. ನೀರು ತಿಳಿಯಾಗೇ ಇರ್ತದ, ಆದ್ರೂ ಎರಡನೇ ವಾರ ಮರಿ ಸಾಯಾಕ ಹತ್ತತಾವ. ರೋಗ ಅಂತ ಔಷಧಿ ಸುರಿಯಬ್ಯಾಡ್ರಿ, ಮೊದಲು ನೀರು ಪರೀಕ್ಷೆ ಮಾಡ್ರಿ.

ಕಾರಣ ಏನು?

ಮೀನಿನ ಹೊಲಸು, ಉಳಿದ ಆಹಾರದಿಂದ ಅಮೋನಿಯಾ ಹುಟ್ಟುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡಿದರೆ, ಇನ್ನೊಂದು ಬಗೆ ನೈಟ್ರೇಟ್ ಮಾಡುತ್ತದೆ. ಮೊದಲಿನ ಎರಡೂ ಮೀನಿಗೆ ವಿಷ; ನೈಟ್ರೇಟ್‌ನಿಂದ ಅಪಾಯ ಕಡಿಮೆ. ಹೊಲಕ್ಕೆ ಯೂರಿಯಾ ಹಾಕಿದಾಗ ಮಣ್ಣಿನಲ್ಲಿ ನಡೆಯುವುದೂ ಇದೇ ಕೆಲಸ. ಸವದತ್ತಿ ಹತ್ತಿರದ ನವಿಲುತೀರ್ಥ ಜಲಾಶಯದ ಕೆಸರು, ಕಲ್ಲಿನಲ್ಲಿ ಈ ಬ್ಯಾಕ್ಟೀರಿಯಾ ತಾವಾಗೇ ಇರ್ತಾವ. ಹೊಸ ಟ್ಯಾಂಕಿನಲ್ಲಿ ಬೆಳೆಯಾಕ 3ರಿಂದ 6 ವಾರ ಬೇಕು, ಚಳಿಗಾಲದಲ್ಲಿ ಇನ್ನೂ ತಡ.

ಮಾಗಿಸುವ ಕ್ರಮ (10,000 ಲೀಟರ್ ಟ್ಯಾಂಕಿಗೆ)

1. ನೀರು ತುಂಬಿಸಿ ಹಗಲು ರಾತ್ರಿ ಗಾಳಿ ಕೊಡಿ. ಕ್ಲೋರಿನ್ ಹಾಕಿದ ನಳದ ನೀರಾದರೆ ಮುಂದಿನ ಹೆಜ್ಜೆಗೆ ಮುಂಚೆ ಒಂದೆರಡು ದಿನ ಬಿಡಿ.
2. ಮೀನಿಲ್ಲದೆಯೇ 200 ಗ್ರಾಂ ಮೀನಿನ ಆಹಾರ ಪುಡಿ ಮಾಡಿ ಹಾಕಿ. ಕೊಳೆತು ಅಮೋನಿಯಾ ಬರ್ತದ.
3. ಎರಡು ದಿನಕ್ಕೊಮ್ಮೆ ಕಿಟ್‌ನಿಂದ ಅಮೋನಿಯಾ, ನೈಟ್ರೈಟ್, ಪಿಎಚ್ ನೋಡಿ ಮೊಬೈಲಿನಲ್ಲಿ ಬರೆದಿಡಿ.
4. ಮೊದಲು ಅಮೋನಿಯಾ ಏರಿ ಇಳಿಯುತ್ತದೆ, ಆಮೇಲೆ ನೈಟ್ರೈಟ್ ಏರಿ ಇಳಿಯುತ್ತದೆ. ಮತ್ತೆ ಆಹಾರ ಹಾಕಿದ ಮೇಲೂ ಒಂದು ವಾರ ಎರಡೂ ಸೊನ್ನೆ ಹತ್ತಿರ ಇದ್ದರೆ ನೀರು ತಯಾರು. ಆಗಲೂ ಮರಿಗಳನ್ನು ಸ್ವಲ್ಪ ಸ್ವಲ್ಪ ಬಿಡಿ.

ಪಿಎಚ್ ಮರೀಬ್ಯಾಡ್ರಿ

28 ಡಿಗ್ರಿ ನೀರಿನಲ್ಲಿ ಪಿಎಚ್ 7 ಇದ್ದರೆ, ಕಿಟ್ ತೋರಿಸುವ ಅಮೋನಿಯಾದಲ್ಲಿ ನೂರಕ್ಕೆ ಒಂದು ಪಾಲೂ ಕಡು ವಿಷದ ರೂಪದಲ್ಲಿ ಇರಂಗಿಲ್ಲ. ಪಿಎಚ್ 8 ಆದರೆ 6–7 ಪಾಲು, 9 ಆದರೆ ಸುಮಾರು 40 ಪಾಲು. ಪಾಚಿಯಿಂದ ನೀರು ಹಸಿರಾಗಿದ್ದರೆ ಮಧ್ಯಾಹ್ನ ಪಿಎಚ್ ಏರುತ್ತದೆ. ಅದಕ್ಕೆ ಮುಂಜಾನೆ ಒಮ್ಮೆ, 3–4 ಗಂಟೆಗೆ ಒಮ್ಮೆ ನೋಡ್ರಿ.

ಈಗಾಗಲೇ ಮೀನು ಬಿಟ್ಟಿದ್ರ?

ಅಮೋನಿಯಾ ಅಥವಾ ನೈಟ್ರೈಟ್ ಏರಿದ ಕೂಡಲೇ ಆಹಾರ ನಿಲ್ಲಿಸಿ, ಗಾಳಿ ಹೆಚ್ಚಿಸಿ, ಕಾಲು ಭಾಗ ನೀರು ಬದಲಿಸಿ. ನೈಟ್ರೈಟ್ ಏರಿದ್ರ 1–2 ಕೆ.ಜಿ. ಉಪ್ಪನ್ನು ನೀರಿನಲ್ಲಿ ಕರಗಿಸಿ ಹಾಕಿ. ಉಪ್ಪು ನೈಟ್ರೈಟನ್ನು ತೆಗೆಯಂಗಿಲ್ಲ. ಕಿವಿರಿನ ಮೂಲಕ ರಕ್ತಕ್ಕೆ ಸೇರೋದನ್ನ ತಡೀತದ, ಅಷ್ಟೇ.

ಅನುಮಾನ ಬಂದ್ರ ತಾಲ್ಲೂಕಿನ ಮೀನುಗಾರಿಕೆ ಇಲಾಖೆ ಕಚೇರಿಗೆ ಬಾಟಲಿಯಲ್ಲಿ ನೀರು ಒಯ್ದು ಕೇಳ್ರಿ, ಇಲ್ಲಾ ಕಿಸಾನ್ ಕಾಲ್ ಸೆಂಟರ್ 1800-180-1551ಕ್ಕೆ ಫೋನ್ ಮಾಡ್ರಿ. ಒಂದು ತಿಂಗಳು ಕಾದರೆ ಮರಿಯ ರೊಕ್ಕ ಉಳಿತದ.