ಎರಡು ಫಲಕಗಳ ನಡುವೆ ನಿಂತ ಎಣ್ಣೆಯ ಹನಿ

ಬರಿಗಣ್ಣಿಗೆ ಕಾಣದಷ್ಟು ಸಣ್ಣದಾದ ಎಣ್ಣೆಯ ಹನಿಯೊಂದು ಗಾಳಿಯಲ್ಲಿ ಮೆಲ್ಲನೆ ಇಳಿಯುತ್ತಿದೆ. ಅದರ ಮೇಲಿರುವುದು ಕೆಲವೇ ಎಲೆಕ್ಟ್ರಾನುಗಳ ವಿದ್ಯುದಂಶ. ಈ ಅತ್ಯಲ್ಪ ಮೊತ್ತವನ್ನು ಅಳೆಯುವುದು ಹೇಗೆ? ಷಿಕಾಗೋ ವಿಶ್ವವಿದ್ಯಾನಿಲಯದಲ್ಲಿ ರಾಬರ್ಟ್ ಮಿಲಿಕನ್ನರೂ ಅವರ ಶಿಷ್ಯರಾದ ಹಾರ್ವೆ ಫ್ಲೆಚರರೂ ೧೯೦೯ರಲ್ಲಿ ಇದಕ್ಕೆ ಉಪಾಯ ಕಂಡರು. ಅವರ ಉಪಕರಣದ ಮುಖ್ಯಾಂಗ, ಒಂದರ ಮೇಲೊಂದು ಸಮಾಂತರವಾಗಿಟ್ಟ ಎರಡು ಲೋಹದ ಫಲಕಗಳು.

ಫಲಕಗಳನ್ನು ಬ್ಯಾಟರಿಗೆ ಜೋಡಿಸಿದರೆ ಅವುಗಳ ನಡುವೆ ವಿದ್ಯುತ್ ಕ್ಷೇತ್ರ ಏರ್ಪಡುತ್ತದೆ. ಫಲಕಗಳ ಅಗಲಕ್ಕಿಂತ ಅವುಗಳ ಅಂತರ ಬಹಳ ಕಡಿಮೆಯಾಗಿದ್ದರೆ, ಅಂಚುಗಳನ್ನು ಬಿಟ್ಟು ಉಳಿದೆಡೆಯಲ್ಲೆಲ್ಲ ಈ ಕ್ಷೇತ್ರ ಏಕರೂಪವಾಗಿರುತ್ತದೆ. ಹನಿಯು ಮೇಲಿನ ಫಲಕದ ಬಳಿಯಿರಲಿ, ಕೆಳಗಿನದರ ಬಳಿಯಿರಲಿ, ಅದರ ಮೇಲಿನ ವಿದ್ಯುದ್ಬಲ ಒಂದೇ.

ಈಗ ಏಕಮಾನ ಧನ ವಿದ್ಯುದಂಶವನ್ನು ಋಣ ಫಲಕದಿಂದ ಧನ ಫಲಕಕ್ಕೆ ಒಯ್ಯುವೆವೆಂದು ಭಾವಿಸೋಣ. ಅದಕ್ಕೆ ತಗಲುವ ಕೆಲಸವನ್ನು ಎರಡು ಬಗೆಯಾಗಿ ಹೇಳಬಹುದು. ಕೆಲಸವು ಬಲ ಮತ್ತು ದೂರಗಳ ಗುಣಲಬ್ಧ. ಏಕಮಾನ ವಿದ್ಯುದಂಶದ ಮೇಲಿನ ಬಲವೇ ಕ್ಷೇತ್ರದ ತೀವ್ರತೆ. ಆದುದರಿಂದ ಕೆಲಸವು ತೀವ್ರತೆ ಮತ್ತು ಅಂತರಗಳ ಗುಣಲಬ್ಧವಾಯಿತು. ಆದರೆ ಇದೇ ಕೆಲಸಕ್ಕೆ ವಿಭವಾಂತರ, ಅಂದರೆ ವೋಲ್ಟೇಜು, ಎಂಬ ಹೆಸರೂ ಇದೆ. ಆದಕಾರಣ,

ತೀವ್ರತೆ = ವೋಲ್ಟೇಜು ÷ ಅಂತರ.

ಅಂತರ ೧೬ ಮಿಲಿಮೀಟರು, ವೋಲ್ಟೇಜು ೪೮೦೦ ಎಂದುಕೊಳ್ಳೋಣ. ೪೮೦೦ನ್ನು ೦.೦೧೬ರಿಂದ ಭಾಗಿಸಿದರೆ, ತೀವ್ರತೆ ಮೀಟರಿಗೆ ೩ ಲಕ್ಷ ವೋಲ್ಟ್. ಹನಿ ನಿಶ್ಚಲವಾಗಿ ನಿಂತಾಗ ಅದರ ತೂಕವೂ ವಿದ್ಯುದ್ಬಲವೂ ಸಮ. ಕ್ಷೇತ್ರವಿಲ್ಲದಾಗ ಹನಿ ಬೀಳುವ ವೇಗದಿಂದ ತೂಕ ತಿಳಿಯುತ್ತದೆ. ಅದನ್ನು ತೀವ್ರತೆಯಿಂದ ಭಾಗಿಸಿದರೆ ವಿದ್ಯುದಂಶ ದೊರೆಯುತ್ತದೆ. ಮುಂದೆ ಮಿಲಿಕನ್ನರು ಹನಿಗಳು ಏರುವ ವೇಗವನ್ನೂ ಅಳೆದರು. ತತ್ತ್ವ ಮಾತ್ರ ಇದೇ. ಪ್ರತಿ ಹನಿಯ ವಿದ್ಯುದಂಶವೂ ಒಂದೇ ಕನಿಷ್ಠ ಮೊತ್ತದ ಪೂರ್ಣಾಂಕ ಗುಣಕವಾಗಿತ್ತು. ಆ ಕನಿಷ್ಠ ಮೊತ್ತವೇ ಎಲೆಕ್ಟ್ರಾನಿನ ವಿದ್ಯುದಂಶ.

ವೋಲ್ಟೇಜು ಹೆಚ್ಚಿದರೆ ಬಲವೂ ಹೆಚ್ಚಲೇಬೇಕೆಂದು ವಿದ್ಯಾರ್ಥಿಗಳು ಹಲವೊಮ್ಮೆ ಭಾವಿಸುವುದುಂಟು. ಬ್ಯಾಟರಿ ಜೋಡಿಸಿರುವಾಗಲೇ ಫಲಕಗಳ ಅಂತರವನ್ನು ಇಮ್ಮಡಿಸಿದರೆ ತೀವ್ರತೆ ಅರ್ಧಕ್ಕಿಳಿದು ಹನಿ ಬೀಳತೊಡಗುತ್ತದೆ. ಬ್ಯಾಟರಿಯನ್ನು ಬೇರ್ಪಡಿಸಿದ ಬಳಿಕ ಹಾಗೆ ಮಾಡಿದರೆ? ಫಲಕಗಳ ವಿದ್ಯುದಂಶ ಎಲ್ಲಿಗೂ ಹೋಗಲಾರದು. ತೀವ್ರತೆ ಬದಲಾಗದು, ಹನಿ ನಿಂತಲ್ಲೇ ನಿಲ್ಲುತ್ತದೆ. ಆದರೆ ವೋಲ್ಟೇಜು ಇಮ್ಮಡಿಯಾಗುತ್ತದೆ! ಅದಕ್ಕೆ ಬೇಕಾದ ಶಕ್ತಿ ಬಂದುದು ಬ್ಯಾಟರಿಯಿಂದಲ್ಲ. ಪರಸ್ಪರ ಆಕರ್ಷಿಸುವ ಫಲಕಗಳನ್ನು ಎಳೆದು ಬೇರ್ಪಡಿಸಿದ ನಮ್ಮ ಕೈಗಳಿಂದ.